ದೇವರ ಸಾಲು

ನಮ್ಮ ಕಡೆ ಯಾವ ಪಟ್ಟಿ ಬರೆದರೂ ಮೊದಲ ಸಾಲು ದೇವರದು. ಮದುವೆಮನೆಯ ಮುಯ್ಯಿ ಪುಸ್ತಕವಿರಲಿ, ತೋಟಕ್ಕೆ ಕಾಯಿ ಕೀಳಲು ಬಂದ ಆಳುಗಳ ಚೀಟಿಯಿರಲಿ, ಮೇಲುಗಡೆ ಮನೆದೇವರ ಹೆಸರು ಬಿದ್ದ ಮೇಲೇ ಮನುಷ್ಯರ ಹೆಸರು. ವನಜಾಕ್ಷಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳಪ್ಪ ಕೆಂಚಪ್ಪ ಮೈಯಲ್ಲಿ ಕಸುವಿರುವ ತನಕ ತೆಂಗಿನಮರ ಹತ್ತಿದವನು. ಕಾಯಿ ಎಣಿಸುವಾಗ ಮೊದಲನೆಯದನ್ನು 'ಒಂದು' ಅನ್ನುತ್ತಿರಲಿಲ್ಲ, 'ಲಾಭ' ಅನ್ನುತ್ತಿದ್ದ. ಲಾಭ, ಎರಡು, ಮೂರು. ಮೊದಲನೆಯದಕ್ಕೆ ಒಂದು ಮರ್ಯಾದೆ ಇರಬೇಕು ಕಣವ್ವ ಅನ್ನುವುದು ಅವನ ಮಾತು.

ಆ ಕೆಂಚಪ್ಪನ ಮಗಳು ತಿಪಟೂರಿನಲ್ಲಿ ಡಿಪ್ಲೊಮಾ ಮುಗಿಸಿ, ಕಿಬ್ಬನಹಳ್ಳಿ ಕ್ರಾಸಿನಿಂದ ಒಳಗೆ ಹೋಗುವ ರಸ್ತೆಯ ಒಂದೂರಲ್ಲಿ ತೆಂಗು ಬೆಳೆಗಾರರ ಸಂಘದ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದಳು. ಹನ್ನೆರಡು ವರ್ಷದ ಕೆಲಸ. ಬಿಲ್ಲು ಹಾಕುವುದರಿಂದ ಶುರುಮಾಡಿ, ಬಿಡುವಿನಲ್ಲಿ ತಾನೇ ಓದಿ, ಸಂಘದ ವೆಬ್‌ಸೈಟನ್ನೂ ತಾನೇ ಬರೆದು ನಿಲ್ಲಿಸಿದ್ದಳು. ಆ ಒಳಗಿನ ಬರವಣಿಗೆ, ಕೋಡ್ ಅನ್ನುತ್ತಾರಲ್ಲ ಅದು, ಸಂಘದಲ್ಲಿ ಅವಳೊಬ್ಬಳಿಗೇ ಅರ್ಥವಾಗುತ್ತಿತ್ತು. ಈ ಕತೆಯ ನೋವೆಲ್ಲ ಇರುವುದು ಅಲ್ಲೇ.

ಮರ ಹತ್ತುವವರಿಗೆ ಅಪಘಾತ ವಿಮೆ ಮಾಡಿಸಬೇಕೆಂದು ಸಂಘ ಹೊರಟಿತು. ಬಿದ್ದವನ ಹೆಸರು ಪಟ್ಟಿಯಲ್ಲಿದ್ದರೆ, ತಂಡಕ್ಕೊಂದರಂತೆ ಕೊಟ್ಟ ಕಾರ್ಡನ್ನು ಆಸ್ಪತ್ರೆಯಲ್ಲಿ ತೋರಿಸಿದರೆ ಸಾಕು, ಚಿಕಿತ್ಸೆ ನಿಲ್ಲುವುದಿಲ್ಲ. ಪಟ್ಟಿಯನ್ನು ಆಯಾ ತಂಡದ ಮೇಸ್ತ್ರಿಯೇ ಕೊಡಬೇಕು. ಮೊದಲು ಕಾಗದದ ಫಾರಂ ಹಂಚಿದರು. ಅದರಲ್ಲಿದ್ದದ್ದು ಹತ್ತು ಗೆರೆ. ನಾಲ್ಕು ಜನರ ತಂಡದವರು ಮಿಕ್ಕ ಗೆರೆಗಳಲ್ಲಿ ಬೀಡಿಯ ಲೆಕ್ಕ ಬರೆದುಕೊಂಡು ಬಂದರು. ಹದಿಮೂರು ಜನರ ತಂಡದವರು ಮೂರು ಹೆಸರನ್ನು ಅಂಚಿನಲ್ಲಿ ಅಡ್ಡಡ್ಡ ತುರುಕಿದರು, ಅದರಲ್ಲೊಂದು ಹೆಸರು ಫೈಲಿಗೆ ಸೇರಿಸಲು ರಂಧ್ರ ಹೊಡೆಯುವಾಗ ತೂತಾಗಿ ಹೋಯಿತು.

ವನಜಾಕ್ಷಿ ಕಾರ್ಯದರ್ಶಿ ರವೀಂದ್ರನಿಗೆ ಹೇಳಿದಳು: "ಫೋನಲ್ಲೇ ತುಂಬೋ ಹಂಗೆ ಮಾಡ್ತೀನಿ ಸಾರ್. ಎಷ್ಟು ಜನ ಇದ್ರೆ ಅಷ್ಟು ಗೆರೆ."

"ಅಷ್ಟು ಗೆರೆ ಅಂತ ಮುಂಚೇನೇ ಹೆಂಗ್ರೀ ಗೊತ್ತಾಗುತ್ತೆ?"

"ಮುಂಚೆ ಗೊತ್ತಾಗಬೇಕಿಲ್ಲ ಸಾರ್. ಒಂದೇ ಗೆರೆ ಇಡ್ತೀನಿ. ಬೇಕಾದೋರು ಬೆಳೆಸ್ಕೋತಾರೆ."

ಹಾಗೇ ಮಾಡಿದಳು. ಫಾರಂ ತೆರೆದರೆ ಒಂದೇ ಒಂದು ಖಾಲಿ ಸಾಲು: ಹೆಸರು, ವಯಸ್ಸು, ಆಧಾರ್ ನಂಬರು. ಕೆಳಗೆ ಹಸಿರು ಗುಂಡಿ, 'ಇನ್ನೊಬ್ಬರನ್ನು ಸೇರಿಸಿ'. ಒತ್ತಿದಷ್ಟೂ ಸಾಲು ಹುಟ್ಟುತ್ತವೆ. ಹುಟ್ಟಿದ ಪ್ರತಿ ಸಾಲಿಗೂ ಯಂತ್ರ ಒಳಗೊಳಗೇ ಒಂದು ನಂಬರು ಕೊಡುತ್ತದೆ. ಅದರ ಎಣಿಕೆ ಶುರುವಾಗುವುದು ಸೊನ್ನೆಯಿಂದ. ಮೊದಲ ಸಾಲು ಸೊನ್ನೆ, ಆಮೇಲಿನದು ಒಂದು, ಅದರಾಚೆಯದು ಎರಡು.

ಪರೀಕ್ಷೆಗೆಂದು ಐವರು ಮೇಸ್ತ್ರಿಗಳಿಗೆ ಕಳಿಸಿದಳು. ಅರ್ಧ ಗಂಟೆಯಲ್ಲಿ ಸಂಪಿಗೆ ಊರ ಕಡೆಯ ಒಬ್ಬ ಮೇಸ್ತ್ರಿಯ ಫೋನು ಬಂತು.

"ವನಜವ್ವ, ಶ್ರೀನಿವಾಸ ದೇವ್ರಿಗೆ ಎಷ್ಟು ವಯಸ್ಸಂತ ಬರೀಲವ್ವ? ಬರೀದಿದ್ರೆ ಕೆಂಪಗೆ ಬಯ್ಯುತ್ತೆ ನಿನ್ನ ಫಾರಂ."

ಅವಳಿಗೆ ನಗು ತಡೆಯಲಾಗಲಿಲ್ಲ. ನೋಡಿದರೆ ಐವರೂ ಮೊದಲ ಸಾಲಲ್ಲಿ ದೇವರನ್ನೇ ಕೂರಿಸಿದ್ದರು. ಒಬ್ಬನಂತೂ ಬೀರಪ್ಪನಿಗೆ ತೊಂಬತ್ತೊಂಬತ್ತು ಎಂದು ವಯಸ್ಸು ಹಾಕಿ ಮುಂದೆ ಹೋಗಿದ್ದ. ಮೊದಲ ಸಾಲಿನ ಮೇಲೆ 'ದೇವರ ಹೆಸರು' ಎಂದು ಬರೆದುಬಿಡಲೇ ಎಂದು ರವೀಂದ್ರನನ್ನು ಕೇಳಿದಳು.

"ಬ್ಯಾಡ ಕಣ್ರೀ. ವಿಮೆ ಕಂಪನಿಯೋರು ನೋಡಿದ್ರೆ ನಗ್ತಾರೆ. ಮೇಲೆ ಏನೂ ಕಾಣ್ಬಾರ್ದು, ಒಳಗೆ ಏನಾದ್ರೂ ಮಾಡ್ಕಳಿ."

ಅವಳು ಒಳಗೆ ಮಾಡಿಕೊಂಡಳು. ಸೊನ್ನೆಯ ಸಾಲಲ್ಲಿ ವಯಸ್ಸು ಖಾಲಿ ಬಿಟ್ಟರೂ ಬಯ್ಯಬೇಡ ಎಂದಳು. ಪಟ್ಟಿಯನ್ನು ಉಳಿಸುವಾಗ ಸೊನ್ನೆಯನ್ನು ಬಿಟ್ಟು ಒಂದರಿಂದ ಶುರುಮಾಡು ಎಂದಳು. ದೇವರು ಸೊನ್ನೆಯಲ್ಲಿ, ಮನುಷ್ಯರು ಒಂದರಿಂದ. ಎಷ್ಟು ಅಚ್ಚುಕಟ್ಟಾಗಿ ಕೂತಿತೆಂದರೆ, ಅಪ್ಪ ಇದ್ದಿದ್ದರೆ ಕರೆದು ತೋರಿಸಬಹುದಿತ್ತು ಅಂದುಕೊಂಡಳು. ತನ್ನ ಜನ ಹೇಗೆ ಬರೆಯುತ್ತಾರೆಂದು ತನಗಲ್ಲದೆ ಬೆಂಗಳೂರಿನ ಯಾವ ಎಂಜಿನಿಯರಿಗೆ ಗೊತ್ತಿರುತ್ತದೆ ಎಂಬ ಸಣ್ಣ ಹೆಮ್ಮೆಯೂ ಇತ್ತು. ಹದಿನೈದು ದಿನದಲ್ಲಿ ನಲವತ್ತೊಂದು ತಂಡಗಳು ತುಂಬಿದವು. ತುಂಬಿದವರ ಫೋನಿಗೆಲ್ಲ 'ನಿಮ್ಮ ತಂಡದ ನೋಂದಣಿ ಆಗಿದೆ' ಎಂದು ಒಂದು ಸಾಲಿನ ಉತ್ತರ ಹೋಯಿತು.

ಅದಾಗಿ ಎರಡು ತಿಂಗಳಿಗೆ ಹಂದನಕೆರೆ ಕಡೆಯ ತೋಟವೊಂದರಲ್ಲಿ ಭೀಮರಾಜು ಮರದಿಂದ ಬಿದ್ದ.

ಹಿಂದಿನ ದಿನ ಮಳೆ ಬಂದು ಮರದ ಮೈ ನೆಂದಿತ್ತು. ಅರ್ಧ ಮರ ಏರಿದವನ ಕಾಲಹಗ್ಗ ಜಾರಿತು. ಬೆನ್ನುಮೂಳೆ ಸೊಂಟದ ಹತ್ತಿರ ಮುರಿಯಿತು. ಮೇಸ್ತ್ರಿ ಬೋರಯ್ಯನೂ ಸೇರಿ ತಂಡದ ಏಳು ಜನರಲ್ಲಿ ಎಲ್ಲರಿಗಿಂತ ಮೊದಲು ಮರಕ್ಕೆ ಕಾಲಿಡುವವನು ಅವನೇ. ನಲವತ್ನಾಲ್ಕು ವರ್ಷ. ಹೆಂಡತಿ ಹುಚ್ಚಕ್ಕ ಅದೇ ತೋಟದಲ್ಲಿ ಬಿದ್ದ ಕಾಯಿ ಆಯ್ದು ಗುಡ್ಡೆ ಹಾಕುತ್ತಿದ್ದಳು. ಕಾಯಿ ಬಿದ್ದ ಸದ್ದೆಂದು ತಿರುಗಿ ನೋಡದೆ ಇನ್ನೂ ನಾಲ್ಕು ಕಾಯಿ ಆಯ್ದಳಂತೆ.

ತುಮಕೂರಿನ ಒಂದು ಖಾಸಗಿ ಆಸ್ಪತ್ರೆಗೆ ಹೊತ್ತುಕೊಂಡು ಹೋದರು. ಅಲ್ಲಿಂದ ಸಂಘಕ್ಕೆ ಫೋನು ಬಂತು: ಈ ಹೆಸರಿನವರು ಪಟ್ಟಿಯಲ್ಲಿಲ್ಲ. ರವೀಂದ್ರ ಪಟ್ಟಿ ತೆಗೆಸಿ ನೋಡಿದ. ಬೋರಯ್ಯನ ತಂಡದ ಕೆಳಗೆ ಆರು ಹೆಸರು. ಭೀಮರಾಜು ಇಲ್ಲ.

ಮೂರನೇ ದಿನ ತಂಡದವರು ಸಂಘದ ಜಗುಲಿಗೆ ಬಂದರು. ಹುಚ್ಚಕ್ಕ ಆಸ್ಪತ್ರೆಯಿಂದ ನೇರ ಬಸ್ಸಿಳಿದು ಬಂದಿದ್ದಳು, ಸೆರಗಿನಲ್ಲಿ ಔಷಧದ ಚೀಟಿಗಳ ಗಂಟು. ಬೋರಯ್ಯ ಒಬ್ಬನೇ ಕಂಬಕ್ಕೆ ಒರಗಿ ನಿಂತಿದ್ದ.

ತಂಡದಲ್ಲಿ ಹಿರಿಯನಾದ ವೆಂಕಟಯ್ಯ ಕೇಳಿದ: "ನಮ್ಮಾರು ಜನದ್ದು ಐತೆ, ಅವ್ನದೊಂದು ಹೆಂಗ್ಲಾ ಬಿಟ್ಟೋಯ್ತು ಬೋರ?"

"ಬರ್ಸಿದೀನಿ ಕಣ್ಲಾ. ಸೊಸೆ ಕೈಲಿ ನನ್ನ ಮುಂದೇನೇ ಬರ್ಸಿದೀನಿ."

"ಬರ್ಸಿದ್ರೆ ಎಲ್ಲೋಯ್ತು? ಇಲಿ ತಿಂತಾ ಫೋನೊಳಗೆ?"

ಯಾರೋ ನಕ್ಕರು, ಆಮೇಲೆ ಹುಚ್ಚಕ್ಕನ ಮುಖ ನೋಡಿ ಸುಮ್ಮನಾದರು. ಅವಳು ಬೋರಯ್ಯನ ಎದುರಿಗೆ ಬಂದು ನಿಂತಳು.

"ಯುಗಾದೀಲಿ ನನ್ನ ಗಂಡ ಬೇರೆ ತಂಡ ಕಟ್ತೀನಿ ಅಂದಿದ್ನಲ್ಲ ಬೋರಣ್ಣ, ಅದ್ಕಾ? ಅದ್ಕೇನಾ ಬುಟ್ಬುಟ್ಟೆ?"

"ನನ್ನ ಮೊಮ್ಮಕ್ಕಳಾಣೆ ಕಣವ್ವ..."

"ಮಕ್ಕಳ ತಂಟೆಗೋಗಬ್ಯಾಡ. ನಿನ್ನ ಮಾತು ನೀನಾಡು."

ವನಜಾಕ್ಷಿ ಒಳಗೆ ಕೂತು ಎಲ್ಲ ಕೇಳಿಸಿಕೊಂಡಳು. ಹೆಸರು ಹಾಕಿಲ್ಲವಾದರೆ ಫಾರಂ ಏನು ಮಾಡೀತು ಅಂದುಕೊಂಡಳು. ಆಗಿನ್ನೂ ಅವಳಿಗೆ ನಿದ್ದೆ ಬರುತ್ತಿತ್ತು.

ಮರುದಿನ, ಬಿದ್ದ ನಾಲ್ಕನೇ ದಿನ, ಬೋರಯ್ಯನ ಸೊಸೆ ಧನ್ಯಶ್ರೀ ಕಂಕುಳಲ್ಲಿ ಕೂಸಿಟ್ಟುಕೊಂಡು ಬಂದಳು. ಅತ್ತು ಕಣ್ಣು ಊದಿದ್ದವು.

"ಅಕ್ಕ, ನಾನು ಬರ್ದಿದೀನಿ. ದೇವರಾಣೆಗೂ ಬರ್ದಿದೀನಿ. ಮಾವನ್ನ ಊರಲ್ಲಿ ಯಾರೂ ಮಾತಾಡಿಸ್ತಿಲ್ಲ. ನಿಮ್ಮ ಕಂಪ್ಯೂಟ್ರಲ್ಲಿ ಹುಡುಕಿ ನೋಡ್ರಕ್ಕ."

"ಕೂತ್ಕೊ. ಹೆಂಗೆ ಬರ್ದೆ, ಒಂದೊಂದಾಗಿ ಹೇಳು."

"ಫಾರಂ ತೆಗ್ದೆ. ಮೊದ್ಲು ಭೀಮಣ್ಣಂದು ಬರ್ದೆ. ನಲವತ್ನಾಕು ಅಂತ ವಯಸ್ಸು ಹಾಕ್ದೆ. ಆಮೇಲೆ ಹಸಿರು ಗುಂಡಿ ಒತ್ತಿ ವೆಂಕಟಯ್ಯಂದು..."

"ಇರು. ಮೊದ್ಲೇ ಭೀಮಣ್ಣಂದಾ? ದೇವರ ಹೆಸರು ಬರೀಲಿಲ್ವಾ?"

"ಸೂತಕ ಅಲ್ವೇನಕ್ಕ? ನಮ್ಮ ದೊಡ್ಡ ಮಾವ ತೀರ್ಕೊಂಡು ಆರನೇ ದಿನ ಅವತ್ತು. ಕೊನೇ ದಿನಾಂಕ ಬೇರೆ ಅವತ್ತೇ. ಸೂತಕದಲ್ಲಿ ದೇವರ ಹೆಸರು ಹೆಂಗೆ ಬರೀಲಿ? ಮಾವ ಅಂದ್ರು, ಮರಕ್ಕೆ ಮೊದಲು ಕಾಲಿಡೋನು ಭೀಮ, ದೇವರಿಲ್ದಿದ್ರೆ ಅವನ ಹೆಸರೇ ಮೇಲಿರ್ಲಿ ಅಂತ."

ವನಜಾಕ್ಷಿ ಮೌಸಿನ ಮೇಲಿಟ್ಟಿದ್ದ ಕೈಯನ್ನು ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಕೂಸು ಮೇಜಿನ ಮೇಲಿದ್ದ ರಬ್ಬರ್ ಬ್ಯಾಂಡ್ ಹಿಡಿದು ಎಳೆಯುತ್ತಿತ್ತು. ಅವಳಿಗೆ ಪರದೆ ತೆರೆದು ನೋಡಬೇಕಾಗಿರಲಿಲ್ಲ. ಆ ಸಾಲು ಬಾಯಿಪಾಠವಾಗಿತ್ತು: ಸೊನ್ನೆಯನ್ನು ಬಿಡು, ಒಂದರಿಂದ ಶುರುಮಾಡು. ಯಂತ್ರ ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡಿತ್ತು. ವಯಸ್ಸು ಬರೆದಿದ್ದರೆ ಅದು ಮನುಷ್ಯ ಎಂದು ಅದಕ್ಕೆ ಒಂದೇ ಒಂದು ಮಾತು ಹೇಳಿಡಬಹುದಿತ್ತು. ಎರಡು ನಿಮಿಷದ ಕೆಲಸ. ನಗುತ್ತ ನಗುತ್ತ ಮರೆತಿದ್ದಳು. ಉಳಿಸದೆ ಬಿಟ್ಟ ಸಾಲು ಎಲ್ಲೂ ಇರುವುದಿಲ್ಲ; ಹುಡುಕಿದರೆ ಸಿಗಲು ಅದು ಕಳೆದುಹೋದದ್ದಲ್ಲ, ಬಂದೇ ಇಲ್ಲದ್ದು.

"ಸಿಗುತ್ತಾ ಅಕ್ಕ?"

"ನೋಡ್ತೀನಿ ಹೋಗು," ಅಂದಳು.

ರವೀಂದ್ರನ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿ ಎಲ್ಲ ಹೇಳಿದಳು. ಅವನು ಕೆಟ್ಟ ಮನುಷ್ಯನಲ್ಲ. ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದ.

"ನೋಡಿ, ಈಗ ಹೆಸರು ಸೇರಿಸಿದ್ರೆ ಬಿದ್ದ ಮೇಲೆ ಸೇರಿಸಿದಾರೆ ಅಂತಾರೆ. ನಮ್ಮ ಪಟ್ಟೀನೇ ಸುಳ್ಳು ಅಂದು ನಲವತ್ತೊಂದು ತಂಡದ ಕಾರ್ಡೂ ನಿಲ್ಲಿಸಿದ್ರೆ? ನಾಳೆ ಇನ್ನೊಬ್ಬ ಬಿದ್ರೆ?"

"ಬೋರಣ್ಣನ ಮೇಲೆ ಬಂದಿದೆಯಲ್ಲ ಸಾರ್."

"ಬರ್ದಿದ್ದೆ ಅಂತ ಅವ್ನು ಹೇಳ್ತಾನೆ, ಇಲ್ಲ ಅಂತ ಇವ್ರು ಹೇಳ್ತಾರೆ. ನಾಲ್ಕು ದಿನಕ್ಕೆ ತಣ್ಣಗಾಗುತ್ತೆ. ಒಂದು ವಾರ ಬುಡಿ. ನಾನೇ ಕಂಪನಿ ಹತ್ರ ಮೆತ್ತಗೆ ಮಾತಾಡ್ತೀನಿ."

ಒಂದು ವಾರ. ಅವಳು ಒಪ್ಪಿದಳು. ಸಾಲನ್ನು ತಿದ್ದಿದಳು, ವಯಸ್ಸಿನ ಪ್ರಶ್ನೆ ಸೇರಿಸಿದಳು. ಪರಿಶೀಲನೆ ಎಂದು ಹೇಳಿ ಒಂದೊಂದೇ ತಂಡಕ್ಕೆ ಫೋನು ಮಾಡಿ ಹೆಸರು ಓದಿಸಿದಳು. ಇನ್ನೆರಡು ತಂಡಗಳಲ್ಲಿ ಒಬ್ಬೊಬ್ಬ ಬಿಟ್ಟುಹೋಗಿದ್ದ. ಅವರಿನ್ನೂ ಮರದಿಂದ ಬಿದ್ದಿರಲಿಲ್ಲವಾದ್ದರಿಂದ ತಿಂಗಳ ಹೊಸ ಪಟ್ಟಿಯಲ್ಲಿ ಸದ್ದಿಲ್ಲದೆ ಸೇರಿಸಲು ಯಾವ ಅಡ್ಡಿಯೂ ಬರಲಿಲ್ಲ.

ಒಂಬತ್ತನೇ ದಿನ ಭೀಮರಾಜುವನ್ನು ಮನೆಗೆ ತಂದರು. ಪಟ್ಟಿಯಲ್ಲಿ ಹೆಸರಿಲ್ಲದೆ ಅಲ್ಲಿ ಇಟ್ಟುಕೊಳ್ಳಲು ಆಗುತ್ತಿರಲಿಲ್ಲ. ಲಗೇಜ್ ಆಟೋದಲ್ಲಿ ಹಾಸಿಗೆ ಹಾಸಿ, ಎರಡೂ ಕಡೆ ಕಾಯಿಸಿಪ್ಪೆಯ ಮೂಟೆ ಒತ್ತಿಟ್ಟು ಅಲುಗದ ಹಾಗೆ ತಂದರು. ಆಟೋ ಸಂಘದ ಮುಂದೆಯೇ ಹಾದುಹೋಯಿತು. ಅದೇ ಸಂಜೆ ತಂಡದ ಉಳಿದ ಐವರೂ ತಮ್ಮ ಕಾಲಹಗ್ಗಗಳನ್ನು ತಂದು ಬೋರಯ್ಯನ ಹೊಸಿಲ ಮುಂದೆ ಹಾಕಿ ಹೋದರು. ಮೇಸ್ತ್ರಿಗೆ ಅದಕ್ಕಿಂತ ದೊಡ್ಡ ಬೈಗುಳವಿಲ್ಲ. ಮುದುಕ ಅವನ್ನು ಎತ್ತಿಡಲೂ ಇಲ್ಲ, ದಾಟಿ ಹೊರಗೆ ಬರಲೂ ಇಲ್ಲ ಎಂದು ಧನ್ಯಶ್ರೀ ಫೋನಿನಲ್ಲಿ ಹೇಳಿದಳು.

ರವೀಂದ್ರ ಕೇಳಿದ ವಾರ ಕಳೆಯಿತು. "ಮಾತಾಡ್ತಿದೀನಿ" ಅಂದ. ಇನ್ನೊಂದು ವಾರ ನಡೆಯುತ್ತಿತ್ತು. ಇವತ್ತು ಹೇಳಬೇಕು ಎಂದು ವನಜಾಕ್ಷಿ ಬೆಳಿಗ್ಗೆ ಹೊರಡುವಳು, ಇನ್ನೊಂದು ದಿನ ನೋಡೋಣ ಎಂದು ಸಂಜೆ ಬರುವಳು. ಹತ್ತೊಂಬತ್ತನೇ ದಿನ ಮೈಯೆಲ್ಲ ನಂಜೇರಿ ಭೀಮರಾಜು ಸತ್ತ.

ಹನ್ನೊಂದನೇ ದಿನದ ತಿಥಿಗೆ ವನಜಾಕ್ಷಿ ಹೋದಳು. ಅಂಗಳದಲ್ಲಿ ಶಾಮಿಯಾನ, ಮೂಲೆಯಲ್ಲಿ ಅಡುಗೆಗೆ ತಂದಿಟ್ಟ ಕಾಯಿಯ ಗುಡ್ಡೆ. ಕರೆಯದೆ ಬಂದ ಬೋರಯ್ಯ ಬೇಲಿಯ ಹೊರಗೆ ಕಲ್ಲಿನ ಮೇಲೆ ಕೂತಿದ್ದ. ಯಾರೂ ಒಂದು ಲೋಟ ನೀರು ಕೊಟ್ಟಿರಲಿಲ್ಲ. ಅವಳು ಅವನ ಕೈ ಹಿಡಿದು ಒಳಗೆ ಕರೆತಂದಳು.

"ಇವ್ರು ಬರ್ಸಿದ್ರು," ಅಂದಳು. ದನಿ ಅವಳಿಗೇ ಕೇಳಿಸಲಿಲ್ಲ. ಮತ್ತೆ ಗಟ್ಟಿಯಾಗಿ ಅಂದಳು. "ಬೋರಣ್ಣ ಭೀಮಣ್ಣನ ಹೆಸರು ಬರ್ಸಿದ್ರು. ಮೊದಲನೇ ಹೆಸರಾಗಿ ಬರ್ಸಿದ್ರು. ಬಿಟ್ಟಿದ್ದು ನಾನು."

ವೆಂಕಟಯ್ಯ ಹುಬ್ಬು ಗಂಟು ಹಾಕಿದ. "ನೀನೆಲ್ಲಿದ್ದೆ ತಾಯಿ ಅವತ್ತು? ಬರ್ದಿದ್ದು ಆ ಹುಡುಗಿ ಫೋನಲ್ಲಿ."

ಅವಳು ಹೇಳಿದಳು, ಫಾರಂ, ಸೊನ್ನೆ, ಸಾಲು. ಒಬ್ಬರಿಗೂ ತಿಳಿಯಲಿಲ್ಲ. "ಯಾರ್ನೋ ಉಳಿಸಾಕೆ ಬಂದವ್ಳೆ ಬುಡು" ಎಂದು ಹಿಂದಿನಿಂದ ಒಂದು ದನಿ ಬಂತು. ಆಗ ಅವಳು ಗುಡ್ಡೆಯಿಂದ ಏಳು ಕಾಯಿ ತಂದು ಹುಚ್ಚಕ್ಕನ ಮುಂದೆ ನೆಲದ ಮೇಲೆ ಸಾಲಾಗಿ ಇಟ್ಟಳು. ಕುಕ್ಕರುಗಾಲಲ್ಲಿ ಕೂತಳು.

"ಇದು ನಿಮ್ಮ ತಂಡ. ಪಟ್ಟೀಲಿ ಮೊದಲ ಜಾಗ ದೇವರಿಗಂತ ಎಲ್ರೂ ಬಿಡ್ತೀರಿ. ಅದ್ಕೇ ನಾನು ಯಂತ್ರಕ್ಕೆ ಹೇಳಿಟ್ಟೆ, ಮೊದಲನೇದು ದೇವರು, ಅದನ್ನ ಬಿಟ್ಟು ಎಣಿಸು ಅಂತ. ಬೋರಣ್ಣನ ಮನೇಲಿ ಅವತ್ತು ಸೂತಕ. ದೇವರ ಹೆಸರು ಬರೀಲಿಲ್ಲ. ಮೊದಲನೇ ಜಾಗದಲ್ಲಿ ಭೀಮಣ್ಣ ಇದ್ದ. ಯಂತ್ರ ಹಿಂಗೆ ಎಣಿಸ್ತು."

ಮೊದಲ ಕಾಯಿಯನ್ನು ದಾಟಿ ಎರಡನೆಯದನ್ನು ಮುಟ್ಟಿ, "ಒಂದು" ಅಂದಳು. ಮೂರನೆಯದನ್ನು ಮುಟ್ಟಿ, "ಎರಡು." ಹಾಗೇ ಆರರ ತನಕ ಹೋದಳು. ತಿರುಗಿ ನೋಡಿದರೆ ಮೊದಲ ಕಾಯಿ ಒಂದೇ ಉಳಿದಿತ್ತು. ಕಾಯಿಯ ಲೆಕ್ಕ ಎಲ್ಲರಿಗೂ ತಿಳಿಯಿತು. ವೆಂಕಟಯ್ಯ ಎದ್ದು ಬೋರಯ್ಯನ ಪಕ್ಕಕ್ಕೆ ಹೋಗಿ ಅವನ ಹೆಗಲ ಟವೆಲನ್ನು ಸರಿಮಾಡಿದ.

ಹುಚ್ಚಕ್ಕ ಆ ಕಾಯಿಯನ್ನೇ ನೋಡುತ್ತ ಕೇಳಿದಳು: "ನಿಂಗೆ ಯಾವತ್ತು ಗೊತ್ತಾಯ್ತು?"

ವನಜಾಕ್ಷಿ ಈ ಪ್ರಶ್ನೆಯೊಂದನ್ನು ಯಾರೂ ಕೇಳದಿರಲಿ ಎಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದಳು.

"ಬಿದ್ದ ನಾಲ್ಕನೇ ದಿನ."

"ಆಸ್ಪತ್ರೇಲಿದ್ದ ಅವತ್ತು."

"ಹೂಂ."

"ಮಾತಾಡ್ತಿದ್ದ. ಗಂಜಿಗೆ ಉಪ್ಪಿಲ್ಲ ಅಂತ ನನ್ನ ಬೈದಿದ್ದ ಅವತ್ತು."

ಅವತ್ತೇ ಹೇಳಿದ್ದರೆ ಉಳಿಯುತ್ತಿದ್ದನೋ ಇಲ್ಲವೋ, ಅದನ್ನು ತಿಳಿಯುವ ದಾರಿ ಈಗ ಯಾವುದೂ ಉಳಿದಿರಲಿಲ್ಲ. ಹುಚ್ಚಕ್ಕ ಆ ಒಂದು ಕಾಯಿಯನ್ನು ಎತ್ತಿ ಅವಳ ಕೈಗಿಟ್ಟಳು.

"ತಗಂಡೋಗು. ನಿನ್ನ ಮಿಸನ್ನಿನ ಪಕ್ಕ ಮಡಿಕ್ಕೊ. ಒಡೀಬ್ಯಾಡ. ದೇವ್ರಿಗೂ ಕೊಡಬ್ಯಾಡ."

ವನಜಾಕ್ಷಿ ಎಲ್ಲವನ್ನೂ ಬರೆದು, ಸಹಿ ಹಾಕಿ, ಕಂಪನಿಗೂ ಕಳಿಸಿದಳು. ನಾಲ್ಕು ತಿಂಗಳ ಮೇಲೆ ಎರಡು ಸಾಲಿನ ಉತ್ತರ ಬಂತು: ಘಟನೆಯ ದಿನ ಪಟ್ಟಿಯಲ್ಲಿ ಹೆಸರಿರಲಿಲ್ಲವಾದ್ದರಿಂದ ಪರಿಗಣಿಸಲಾಗದು. ಉಳಿದ ತಂಡಗಳ ಕಾರ್ಡುಗಳನ್ನು ಯಾರೂ ನಿಲ್ಲಿಸಲಿಲ್ಲ. ರವೀಂದ್ರ ಹೆದರಿದ್ದು ಬರೀ ಹೆದರಿಕೆಯಾಗಿತ್ತು, ಅವಳು ಅದಕ್ಕೆ ಹದಿನೈದು ದಿನ ಕೊಟ್ಟಿದ್ದಳು. ಕೆಲಸದಿಂದ ತೆಗೆಯುತ್ತಾರೆಂದು ಕಾದಳು. ತೆಗೆಯಲಿಲ್ಲ. ಆ ಫಾರಂ ಬೇರೆಯವರಿಗೆ ತಿಳಿಯುತ್ತಿರಲಿಲ್ಲ. ತಂಡದವರು ಬೋರಯ್ಯನ ಮನೆಗೆ ಹೋಗಿ ಹಗ್ಗ ವಾಪಸು ಕೇಳಿದರು. ಅವನು ಒಂದೊಂದೇ ಎತ್ತಿ ಅವರವರ ಕೈಗೆ ಕೊಟ್ಟು, "ಇನ್ನು ನೀವೇ ನೋಡ್ಕಳ್ರಪ್ಪ" ಅಂದ. ವೆಂಕಟಯ್ಯ ಮೇಸ್ತ್ರಿಯಾದ. ಬೋರಯ್ಯ ಆಮೇಲೆ ಯಾವ ತೋಟಕ್ಕೂ ಹೋಗಲಿಲ್ಲ.

ವರ್ಷ ತಿರುಗಿ ನೋಂದಣಿ ಮತ್ತೆ ಬಂತು. ಈ ಸಲ ತಾನು ಕಣ್ಣಾರೆ ನೋಡದೆ ಯಾವ ಪಟ್ಟಿಯೂ ಉಳಿಯದ ಹಾಗೆ ವನಜಾಕ್ಷಿ ಮಾಡಿದ್ದಳು. ಕಾಯಿ ಮಾನಿಟರಿನ ಪಕ್ಕದಲ್ಲೇ ಇತ್ತು. ಯಾವುದೋ ಫೈಲು ಹುಡುಕುತ್ತ ರವೀಂದ್ರ ಅದನ್ನೆತ್ತಿದ. ಒಳಗೆ ನೀರು ಬತ್ತಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗಿ, ಗಡಗಡ ಉರುಳಿತು.

"ಒಳ್ಳೇ ಉಂಡೆ ಕೊಬ್ಬರಿ ಆಗೈತೆ ಕಣ್ರೀ. ಒಡ್ದು ನೋಡಣ್ವಾ?"

"ಅಲ್ಲೇ ಇಡಿ ಸಾರ್."

ಮಧ್ಯಾಹ್ನ ವೆಂಕಟಯ್ಯನ ತಂಡದ ಪಟ್ಟಿ ಬಂತು. ಈ ಸಲವೂ ತುಂಬಿದ್ದು ಧನ್ಯಶ್ರೀಯೇ. ಯಾರ ಮನೆಯಲ್ಲೂ ಸೂತಕವಿರಲಿಲ್ಲ. ಆದರೂ ಸೊನ್ನೆಯ ಸಾಲಲ್ಲಿ ದೇವರಿರಲಿಲ್ಲ. ಅಲ್ಲಿ 'ಭೀಮರಾಜು' ಎಂದು ಬರೆದಿತ್ತು. ವಯಸ್ಸಿನ ಜಾಗ ಖಾಲಿ. ಕೆಳಗೆ, ಹೊಸಬನೊಬ್ಬನೂ ಸೇರಿ, ಆರು ಹೆಸರು, ಆರು ವಯಸ್ಸು.

ವಯಸ್ಸಿದ್ದರೆ ಮನುಷ್ಯ, ಇಲ್ಲದಿದ್ದರೆ ಬಿಡು ಎಂದು ಅವಳೇ ಕಲಿಸಿದ್ದಳು. ಬಹಳ ಹೊತ್ತು ಆ ಸಾಲನ್ನು ನೋಡಿ, ಉಳಿಸುವ ಗುಂಡಿ ಒತ್ತಿದಳು. ಯಂತ್ರ ಆರು ಜನರನ್ನು ಬರೆದುಕೊಂಡು ಭೀಮರಾಜುವನ್ನು ಬಿಟ್ಟಿತು. ಈ ಸಲ ಸರಿಯಾಗಿಯೇ ಬಿಟ್ಟಿತು.